ಆ ಗಂಡ-ಹೆಂಡತಿ ಯಾಕೆ ಹಾಗೆ ಮಾತಾಡುತ್ತಾರೆ?

ಫ್ರೆಂಚ್ ನಿರ್ದೇಶಕಿ ಆನ್ಯೆಸ್ ವಾರ್ದಾ ಅವರ ಮೊದಲ ಸಿನಿಮಾ ‘ಲಾ ಪ್ವಾಂತ್ ಕೂರ್ತ್’ ನೋಡಿ ಅಂತ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ನೋಡಿದವರು ಬಂದು ಕೇಳುವುದು ಒಂದೇ: ‘ಆ ಗಂಡ-ಹೆಂಡತಿ ಯಾಕೆ ಪಾಠ ಒಪ್ಪಿಸಿದ ಹಾಗೆ ಮಾತಾಡುತ್ತಾರೆ? ನಟನೆ ಬರುವುದಿಲ್ಲವಾ?’

ಬರುತ್ತದೆ. ಸಿಲ್ವಿಯಾ ಮೊಂಫೋರ್, ಫಿಲಿಪ್ ನ್ವಾರೆ ಇಬ್ಬರೂ ರಂಗಭೂಮಿಯಲ್ಲಿ ಪಳಗಿದವರು. ಝಾನ್ ವಿಲಾರ್ ಅವರ ನಾಟಕ ತಂಡಕ್ಕೆ ಫೋಟೋ ತೆಗೆಯುತ್ತಿದ್ದ ವಾರ್ದಾಗೆ ಅವರ ಕಸುಬು ಚೆನ್ನಾಗಿಯೇ ಗೊತ್ತಿತ್ತು. ಭಾವ ಬೆರೆಸದ ಆ ಧಾಟಿ ಬೇಕೆಂದೇ ಮಾಡಿಸಿದ್ದು.

ದಕ್ಷಿಣ ಫ್ರಾನ್ಸಿನ ಸೆತ್ ಎಂಬ ಬಂದರು ಪಟ್ಟಣದ ಬೆಸ್ತರ ಕೇರಿಯೇ ಲಾ ಪ್ವಾಂತ್ ಕೂರ್ತ್. ಗಂಡ ಹುಟ್ಟಿದ್ದು ಅಲ್ಲಿ. ಮದುವೆಯಾಗಿ ನಾಲ್ಕು ವರ್ಷದ ಮೇಲೆ, ಇನ್ನು ಸಾಕು ಎನ್ನಲು ಅವಳು ಪ್ಯಾರಿಸ್ಸಿನಿಂದ ಬಂದಿಳಿಯುತ್ತಾಳೆ. ಇಬ್ಬರೂ ದಡದುದ್ದ ನಡೆಯುತ್ತ ಪ್ರೀತಿಯನ್ನು ಜಾಲಾಡುತ್ತಾರೆ. ಅದೇ ಹೊತ್ತಿಗೆ ಕೇರಿಯಲ್ಲಿ ಆರೋಗ್ಯ ಇಲಾಖೆಯವರು ಚಿಪ್ಪುಮೀನಿನ ಮೇಲೆ ಕಣ್ಣಿಟ್ಟಿದ್ದಾರೆ, ಒಂದು ಮಗು ತೀರಿಕೊಳ್ಳುತ್ತದೆ, ಒಬ್ಬ ಹುಡುಗ ಮೆಚ್ಚಿದ ಹುಡುಗಿಯ ಅಪ್ಪನನ್ನು ಒಪ್ಪಿಸಲು ಒದ್ದಾಡುತ್ತಾನೆ. ಈ ಪಾತ್ರಗಳನ್ನು ಮಾಡಿದವರು ಆ ಕೇರಿಯವರೇ.

ಒಂದು ಭಾಗ ಜೋಡಿಯದು, ಮುಂದಿನದು ಊರಿನದು. ಎರಡೂ ಬೆರೆಯುವುದೇ ಇಲ್ಲ ಅನ್ನಬಹುದು. ಈ ಕಟ್ಟೋಣ ಅಮೆರಿಕದ ಲೇಖಕ ಫಾಕ್ನರನ ‘ದಿ ವೈಲ್ಡ್ ಪಾಮ್ಸ್’ ಕಾದಂಬರಿಯಿಂದ ಬಂದದ್ದು. ಜೋಡಿ ಅತ್ತು ಕರೆದು ಜಗಳವಾಡಿದ್ದರೆ ನಾವು ಅವರ ಹಿಂದೆಯೇ ಹೋಗಿಬಿಡುತ್ತಿದ್ದೆವು. ಬೆಸ್ತರ ಬದುಕು ಪ್ರೇಮಕಥೆಯ ಹಿಂದೆ ಕಟ್ಟಿದ ಪರದೆಯಷ್ಟೇ ಆಗುತ್ತಿತ್ತು. ಆ ಒಣ ಮಾತು ನಮ್ಮನ್ನು ಪದೇಪದೇ ಊರಿನ ಕಡೆಗೆ ದೂಡುತ್ತದೆ.

ದುಡ್ಡಿನ ಸಂಗತಿಯೂ ಇದೆ. 1954ರಲ್ಲಿ ಚಿತ್ರೀಕರಣ ನಡೆದಾಗ ನಟರು, ತಂತ್ರಜ್ಞರು ಸಂಬಳವಿಲ್ಲದೆ ಪಾಲುದಾರರಾಗಿ ಕೆಲಸ ಮಾಡಿದರು. ಹಣವಿಲ್ಲದ್ದರಿಂದ ಧ್ವನಿಯನ್ನು ಸ್ಥಳದಲ್ಲಿ ಹಿಡಿಯಲಿಲ್ಲ, ಆಮೇಲೆ ಡಬ್ ಮಾಡಿದರು. ಜೋಡಿ ದೂರದ ದಡದಲ್ಲಿ ಚುಕ್ಕೆಯಷ್ಟೇ ಕಂಡರೂ ದನಿ ಕಿವಿಯ ಪಕ್ಕದಲ್ಲೇ ಇರುತ್ತದೆ. ನನಗೆ ಇದು ತುಂಬಾ ಇಷ್ಟ. ಸಂಕಲನ ಮಾಡಿದ್ದು ಅಲೆನ್ ರೆನೆ. ಆತ ಇಟಲಿಯ ನಿರ್ದೇಶಕರಾದ ವಿಸ್ಕೊಂತಿ, ಆಂತೋನಿಯೋನಿ ಅಂತ ಹೋಲಿಸಿದಾಗ ವಾರ್ದಾ ಆ ಹೆಸರುಗಳನ್ನೇ ಕೇಳಿರಲಿಲ್ಲವಂತೆ. ಅಷ್ಟು ಕಡಿಮೆ ಸಿನಿಮಾ ನೋಡಿದ್ದವರು ಫ್ರೆಂಚ್ ಸಿನಿಮಾದ ಹೊಸ ಅಲೆಯ (ನ್ಯೂ ವೇವ್) ಹೆಸರಾಂತ ಹುಡುಗರಿಗಿಂತ ಮೊದಲೇ, 1956ರ ಆರಂಭದಲ್ಲಿ, ಪ್ಯಾರಿಸ್ಸಿನಲ್ಲಿ ಇದನ್ನು ತೆರೆಗೆ ತಂದರು. ಆ ಹುಡುಗರಲ್ಲೊಬ್ಬನಾದ ತ್ರುಫೋನ ಮೊದಲ ದೊಡ್ಡ ಚಿತ್ರ ಬಂದದ್ದು 1959ರಲ್ಲಿ.

ಹಾಗಂತ ಆ ಸಂಭಾಷಣೆಯೆಲ್ಲ ನನಗೆ ರುಚಿಸುತ್ತದೆ ಅಂತಲ್ಲ. ಕೆಲವು ಕಡೆ ತೀರಾ ಭಾರ, ತೂಕಡಿಕೆ ಬಂದರೆ ತಪ್ಪಲ್ಲ. ದೋಣಿಗಳ ಮೇಲೆ ನಿಂತು ಈಟಿಯಿಂದ ಎದುರಾಳಿಯನ್ನು ನೀರಿಗೆ ಕೆಡಹುವ ಸ್ಪರ್ಧೆಯ ತನಕವಾದರೂ ಎದ್ದಿರಿ. ಸೆತ್‌ನ ಜನ ಇದಕ್ಕೆ ಪ್ರಾಣ ಬಿಡುತ್ತಾರೆ, ಜೋಡಿಯೂ ನೋಡಲು ಬರುತ್ತದೆ. ಅದಾದ ಮೇಲೂ ಒಗ್ಗದಿದ್ದರೆ ಬಲವಂತವಿಲ್ಲ, ವಾರ್ದಾರ 1962ರ ‘ಕ್ಲಿಯೋ ಫ್ರಮ್ 5 ಟು 7’ ನೋಡಿ. ಅದರ ನಾಯಕಿ ಗಾಯಕಿ, ಸಂಗೀತ ಮಿಶೆಲ್ ಲೆಗ್ರಾಂ ಅವರದು.