ಕಲ್ಲುಹೂ ಗಡಿಯಾರ: ಮೂರನೇ ತಿಂಗಳ ಲೆಕ್ಕ

ಕಲ್ಲಿನ ಮೇಲೆ ಬೆಳೆದ ಕಲ್ಲುಹೂವಿನ ಅಗಲ ಅಳೆದು ಕಲ್ಲು ಎಷ್ಟು ಕಾಲದ್ದು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಈ ತಿಂಗಳು ನಾಲ್ಕು ಕಲ್ಲು ಅಳೆದೆ. ಎರಡು ಹೇಳಿದ ಮಾತು ಕೇಳಿದವು. ಒಂದು ಬಾಯಿಯೇ ಬಿಡಲಿಲ್ಲ. ನಾಲ್ಕನೆಯದು ಮನೆಯ ಗುಟ್ಟು ಹೇಳಿತು.

ನಮ್ಮೂರು ಮಲೆನಾಡಿನ ಸಾಗರ ಪೇಟೆಯ ಹತ್ತಿರ. ಹುಚ್ಚು ಹಿಮನದಿಗಳದ್ದು, ಸಿಗುವುದು ಜಂಬಿಟ್ಟಿಗೆ ಕಲ್ಲು ಮತ್ತು ಜಡಿಮಳೆ! ಹಿಮನದಿ ಹಿಂದೆ ಸರಿಯುವಾಗ ತಾನು ತಳ್ಳಿಕೊಂಡು ಬಂದ ಕಲ್ಲುಮಣ್ಣನ್ನು ದಿಬ್ಬದ ಹಾಗೆ ಬಿಟ್ಟುಹೋಗುತ್ತದೆ. ಅದೇ ಮೊರೇನ್. ದಿಬ್ಬಕ್ಕೆ ಎಷ್ಟು ವಯಸ್ಸು ಎಂದು ತಿಳಿದರೆ ಹಿಮ ಅಲ್ಲಿಂದ ಯಾವಾಗ ಕಾಲ್ತೆಗೆಯಿತು ಎಂದೂ ತಿಳಿಯುತ್ತದೆ. ಆಸ್ಟ್ರಿಯಾದ ರೋಲಾಂಡ್ ಬೆಶೆಲ್ 1950ರ ಹೊತ್ತಿಗೆ ಇದಕ್ಕೊಂದು ಅಗ್ಗದ ದಾರಿ ತೋರಿಸಿದರು. ಕಲ್ಲಿನ ಮೇಲೆ ಬೆಳೆದ ಲೈಕೆನ್‌ನ ಅಗಲ ಅಳೆಯುವುದು, ಅಷ್ಟೇ. ಲೈಕೆನ್ ಅಂದರೆ ನಾವು ಮಸಾಲೆಗೆ ಹುರಿಯುವ ಕಲ್ಲುಹೂವಿನ ನೆಂಟ.

ಚಳಿನಾಡಿನಲ್ಲಿ ಅಳೆಯುವುದು ರೈಜೋಕಾರ್ಪನ್ ಜಿಯೋಗ್ರಾಫಿಕಮ್ ಎಂಬುದನ್ನು. ಹಳದಿ ಹಸಿರು ಬಣ್ಣ, ಸುತ್ತ ಕಪ್ಪು ಗೆರೆ, ಥೇಟ್ ನಕಾಶೆ. ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಇಸವಿ ಕೆತ್ತಿದ ಗೋರಿಕಲ್ಲಿನ ಮೇಲೆ ಅದರ ವೇಗ ಲೆಕ್ಕ ಹಾಕಿ, ಅದೇ ಲೆಕ್ಕವನ್ನು ದಿಬ್ಬದ ಬಂಡೆಗೆ ಹಚ್ಚುತ್ತಾರೆ. ಕೆಲವು ನೂರು ವರ್ಷಗಳ ಮಟ್ಟಿಗೆ ಚೆನ್ನಾಗಿ ನಡೆಯುತ್ತದೆ.

ನಮ್ಮಲ್ಲಿ ಆ ಜಾತಿ ಇಲ್ಲ. ಕಲ್ಲಿಗೆ ಅಂಟಿಕೊಂಡು ದುಂಡಗೆ ಹರಡುವ ಬೂದುಬಣ್ಣದ ಒಂದನ್ನು ಆರಿಸಿಕೊಂಡೆ. ರಸ್ತೆ ಮೋರಿಯ ಮೇಲೆ 1978 ಎಂದು ಕೆತ್ತಿದೆ. ಅಲ್ಲಿ ಎಲ್ಲಕ್ಕಿಂತ ದೊಡ್ಡದು 141 ಮಿ.ಮೀ. 1996ರ ಗೇಟಿನ ಕಂಬದಲ್ಲಿ 84. 2025ಕ್ಕೆ ಲೆಕ್ಕ ಹಾಕಿದರೆ ಎರಡೂ ಕಡೆ ವರ್ಷಕ್ಕೆ ಸುಮಾರು 3 ಮಿ.ಮೀ. ಕುಣಿದಾಡಿದೆ. ಆಮೇಲೆ ನೆನಪಾಯಿತು, ಎರಡೇ ಚುಕ್ಕಿ ಇದ್ದರೆ ಗೆರೆ ಯಾವತ್ತೂ ನೆಟ್ಟಗೇ ಬರುತ್ತದೆ, ಅಲ್ವಾ?

ಮೂರನೆಯದು ಬಾವಿಕಟ್ಟೆ. ಹಲಸಿನ ಮರದ ನೆರಳು, ಮೈತುಂಬ ಪಾಚಿ. ಕಲ್ಲುಹೂವಿಗೆ ಅಲ್ಲಿ ಜಾಗವೇ ಇಲ್ಲ. ಅರ್ಧ ದಿನ ಸುಮ್ನೆ ಹಾಳಾಯಿತು. ಜೊತೆಗೆ ಅಗಲ ಅಳೆಯುವ ಕ್ಯಾಲಿಪರ್ ಬಾವಿಗೆ ಬಿತ್ತು. ಪಕ್ಕದ ತೋಟದ ಭಾವ ಪಾತಾಳಗರಡಿ ತಂದು ಎತ್ತಿಕೊಟ್ಟು, "ಮಾರಾಯ, ಕಲ್ಲಿನ ಜಾತಕ ಬರೆಯೋದು ಬಿಟ್ಟು ಕೊನೆಕೊಯ್ಲಿಗೆ ಬಾ" ಅಂದ.

ಕೊನೆಯದು ನಮ್ಮ ತುಳಸಿಕಟ್ಟೆ. ಅಜ್ಜ ಕಟ್ಟಿಸಿದ್ದು, 1962. ನನ್ನ ಲೆಕ್ಕದ ಪ್ರಕಾರ 180 ಮಿ.ಮೀ. ದಾಟಬೇಕು. ಸಿಕ್ಕಿದ್ದು 44. ಅಂದರೆ ಹದಿನೈದು ವರ್ಷವೂ ತುಂಬಿಲ್ಲ! ವಿಧಾನವೇ ಕೆಟ್ಟಿತು ಎಂದು ಪುಸ್ತಕ ಮುಚ್ಚಿದೆ. ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿ ನಕ್ಕಳು. "ಅಕ್ಕನ ಮದುವೆಗೆ ತಂತಿ ಬ್ರಷ್ ಹಾಕಿ ತಿಕ್ಕಿಸಿದ್ದಲ್ಲನೋ." ಮದುವೆ 2009ರಲ್ಲಿ. ಬೋಳಾದ ಕಲ್ಲಿಗೆ ಕಲ್ಲುಹೂ ಬಂದು ಕೂರಲು ಒಂದಷ್ಟು ಸಮಯ ಬೇಕು, ಅದನ್ನೂ ಸೇರಿಸಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಗಡಿಯಾರ ಎಣಿಸಿದ್ದು ಕಟ್ಟೆಯ ವಯಸ್ಸನ್ನಲ್ಲ, ಮದುವೆಯಿಂದ ಈಚೆಗಿನ ಕಾಲವನ್ನು.

ದೊಡ್ಡ ವಿಜ್ಞಾನಿಗಳಿಗೂ ಇದೇ ಪೇಚು. ಇನ್ನೂ ಹಳೆಯ ದಿಬ್ಬಗಳಿಗೆ ಬೆರಿಲಿಯಂ-10 ಎಂಬ ವಿರಳ ಪರಮಾಣುಗಳನ್ನು ಎಣಿಸುತ್ತಾರೆ. ಬಯಲಿಗೆ ಬಿದ್ದ ಬಂಡೆಯ ಬೆಣಚಿಗೆ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಬಡಿದಾಗ ಅದು ಹುಟ್ಟುತ್ತದೆ, ಬಯಲಲ್ಲಿ ಕೂತಷ್ಟು ಕಾಲ ಕೂಡುತ್ತಾ ಹೋಗುತ್ತದೆ. ಸಮುದ್ರಮಟ್ಟದಲ್ಲಿ ಒಂದು ಗ್ರಾಂ ಬೆಣಚಿನಲ್ಲಿ ವರ್ಷಕ್ಕೆ ನಾಲ್ಕೈದು ಪರಮಾಣು, ಎತ್ತರದಲ್ಲಿ ಜಾಸ್ತಿ. ಎಣಿಸಲು ವೇಗವರ್ಧಕ ಯಂತ್ರವೇ ಬೇಕು, ದೆಹಲಿಯಲ್ಲಿ ಒಂದಿದೆ. ಆದರೆ ಬಂಡೆ ನಡುವೆ ಉರುಳಿ ಮಗ್ಗುಲು ಬದಲಿಸಿದ್ದರೆ, ಮೇಲಿನ ಪದರ ಕಳಚಿದ್ದರೆ, ಮಣ್ಣಿನಡಿ ಹೂತಿದ್ದು ತಡವಾಗಿ ಮೇಲೆ ಬಂದಿದ್ದರೆ ವಯಸ್ಸು ಕಡಿಮೆ ಬರುತ್ತದೆ. ಹಿಮ ಎತ್ತಿಕೊಳ್ಳುವ ಮೊದಲೇ ಎಲ್ಲೋ ಬಿಸಿಲು ಕಂಡ ಬಂಡೆಯಾದರೆ ಜಾಸ್ತಿ ಬರುತ್ತದೆ. ಹಾಗಾಗಿ ಒಂದೇ ಬಂಡೆ ನಂಬುವುದಿಲ್ಲ, ದಿಬ್ಬದ ನೆತ್ತಿಯಲ್ಲಿ ಅಲ್ಲಾಡದೆ ಕೂತ ದೊಡ್ಡವನ್ನು ಹುಡುಕಿ ನಾಲ್ಕಾರು ಕಡೆ ಚೂರು ತೆಗೆಯುತ್ತಾರೆ. ಬಂಡೆಗಳ ಪೂರ್ವಕಥೆ ಹೇಳಲು ಅವರಿಗೆ ನನ್ನ ಹಾಗೆ ಅಮ್ಮ ಇಲ್ಲ.

ಮುಂದಿನ ಕೆಲಸ: ಇಸವಿ ಇರುವ ಇನ್ನೂ ಆರು ಕಲ್ಲು, ಎಲ್ಲವೂ ಬಿಸಿಲಿನವು. ಮಳೆ ಹಿಡಿಯುವ ಮೊದಲು ಮುಗಿಯಬೇಕು. ಈ ದೀಪಾವಳಿಗೆ ಕಟ್ಟೆಯ ಹಿಂದಿನ ಮಗ್ಗುಲು ತಿಕ್ಕದೆ ಬಿಡಲು ಅಮ್ಮ ಒಪ್ಪಿದ್ದಾಳೆ. ಮುಂದಿನ ಮಗ್ಗುಲು ಮಾತ್ರ ಕೇಳಲೇಬೇಡ ಅಂದಿದ್ದಾಳೆ.