ಮೇಲುಕೋಟೆಯ ಬಿಸಿಲಲ್ಲಿ ಕಾಡೀರುಳ್ಳಿ ಹೂ

ವೈರಮುಡಿ ಮುಗಿದು ಜನಜಂಗುಳಿ ಕರಗಿದ ಮೇಲೆ ಮೇಲುಕೋಟೆಗೆ ಹೋಗುವುದು ನನಗಿಷ್ಟ. ಮೈಸೂರಿನಿಂದ ಸುಮಾರು 50 ಕಿ.ಮೀ. ಚೆಲುವನಾರಾಯಣನ ದರ್ಶನ ಮಾಡಿ, ಪುಳಿಯೋಗರೆ ತಿಂದು, ಬಿಸಿಲು ಇಳಿಯುತ್ತಲೇ ಅಕ್ಕನೊಂದಿಗೆ ಅಲ್ಲೇ ಇರುವ ಧನುಷ್ಕೋಟಿ ಕಡೆ ಹೊರಟೆ. ಸೀತೆಯ ದಾಹ ತೀರಿಸಲು ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದ ಜಾಗವಂತೆ ಅದು.

ಏಪ್ರಿಲ್ ತಿಂಗಳು. ಹುಲ್ಲೆಲ್ಲ ಒಣಗಿ ಹೋಗಿತ್ತು, ಲಂಟಾನದ ಎಲೆಯೂ ಮುದುಡಿತ್ತು. ಅಂಥದ್ದರಲ್ಲಿ ಬಂಡೆ ಸಂದಿಯ ಗರಸು ಮಣ್ಣಿನಿಂದ ಮೊಣಕಾಲೆತ್ತರದ ಹೂದಂಟೊಂದು ನೆಟ್ಟಗೆ ಎದ್ದಿತ್ತು. ಬುಡದಲ್ಲಿ ಒಂದೇ ಒಂದು ಎಲೆಯಿಲ್ಲ! ಮಂಡಿಯೂರಿ ನೋಡಿದೆ. ತೆಳ್ಳನೆ ತೊಟ್ಟಿನಲ್ಲಿ ಪುಟ್ಟ ಗಂಟೆಗಳಂತೆ ಜೋತ ಹೂಗಳು. ಮಾಸಲು ಬಿಳಿಯ ಆರು ಎಸಳು, ಎಸಳಿನ ನಡುವೆ ಹಸಿರುಗಂದು ಗೆರೆ. ಕೆಳಗಿನವು ಬಾಡಿ ಸುರುಟಿದ್ದವು, ನಡುವಿನವು ಅರಳಿದ್ದವು, ತುದಿಯಲ್ಲಿನ್ನೂ ಮೊಗ್ಗು.

ಆಡು ಮೇಯಿಸುತ್ತಿದ್ದ ಅಜ್ಜ ಹತ್ತಿರ ಬಂದರು.

"ಕಾಡೀರುಳ್ಳಿ ಕಣವ್ವ ಅದು. ಎಲೆ ಮಳೆ ಬಿದ್ಮೇಲೆ ಬತ್ತದೆ. ಆಡು ಏನ್ ಬೇಕಾದ್ರೂ ತಿಂತದೆ, ಇದ್ಕೆ ಮಾತ್ರ ಬಾಯಿ ಹಾಕಾಕಿಲ್ಲ."

ಹಾಕದಿರುವುದೇ ಒಳ್ಳೆಯದು. ಇದರ ಗೆಡ್ಡೆಯಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷವಿದೆ. ನಾಟಿ ಔಷಧಿಗೆಂದು ಅಗೆಯುವುದೂ ಅದನ್ನೇ. ಡ್ರಿಮಿಯಾ ಇಂಡಿಕಾ ಎಂಬುದು ಶಾಸ್ತ್ರೀಯ ಹೆಸರು. ಮುಂಗಾರಿನಲ್ಲಿ ಪಟ್ಟಿಯಂಥ ಉದ್ದನೆ ಎಲೆ ಬಿಟ್ಟು, ಬಿಸಿಲು ನೀರು ಸಿಕ್ಕಷ್ಟು ದಿನ ಗೆಡ್ಡೆಗೆ ಆಹಾರ ಕೂಡಿಡುತ್ತದೆ. ಆಮೇಲೆ ಎಲೆ ಒಣಗಿ, ನೆಲದ ಮೇಲೆ ಗುರುತೇ ಇರುವುದಿಲ್ಲ. ನಾವು ಕಂಡ ಹೂವು ಹೋದ ವರ್ಷದ ಮಳೆಯದು. ಗುಲಾಬಿ ತೋಟದ ಮುಂದೆ ಫೋಟೊಕ್ಕೆ ನಿಲ್ಲುವ ನನಗೆ ಈ ಬಣ್ಣಗೆಟ್ಟ ಹೂವೇ ಹೆಚ್ಚು ಚೆಂದ ಕಂಡಿತು.

ಸ್ವಲ್ಪ ಮುಂದೆ ಇಳಿಜಾರು ಪೂರ್ತಿ ಕಪ್ಪಾಗಿತ್ತು. ಯಾರೋ ಹುಲ್ಲಿಗೆ ಬೆಂಕಿಯಿಟ್ಟಿದ್ದರು. ಅಲ್ಲೂ ಎರಡು ಮೂರು ದಂಟುಗಳು ಅರ್ಧಕ್ಕೇ ಸುಟ್ಟು ನಿಂತಿದ್ದವು. ಹೊಟ್ಟೆ ಉರಿಯಿತು. ಗೆಡ್ಡೆ ಮಣ್ಣೊಳಗೆ ಉಳಿದೀತು, ಆದರೆ ಈ ವರ್ಷದ ಬೀಜ ಹೋಯಿತಲ್ಲ!

"ಜುಲೈನಲ್ಲಿ ಬಂದು ನೋಡೋಣ, ಇಲ್ಲಿ ಎಲೆ ಬರುತ್ತೋ ಇಲ್ಲವೋ" ಅಂದಳು ಅಕ್ಕ. ಆ ಇಳಿಜಾರಿನ ಪಕ್ಕದ ಬಂಡೆಯ ಫೋಟೊ ತೆಗೆದುಕೊಂಡು ಬಸ್ಸಿಗೆ ಹೊರಟೆವು.