ಒಂದೇ ಫೋಟೋದಲ್ಲಿ ಐದು ಮಳೆ

ನಮ್ಮ ದೊಡ್ಡಪ್ಪನಿಗೆ ಮಳೆಗಳ ಹೆಸರು ಬಾಯಿಪಾಠ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ... ಯಾವ ಮಳೆ ಯಾವತ್ತು ಹುಟ್ಟುತ್ತದೆ ಅಂತ ಕ್ಯಾಲೆಂಡರ್ ನೋಡದೆ ಹೇಳುತ್ತಾರೆ. ಆ ಹೆಸರಿನ ಚುಕ್ಕಿ ಎಲ್ಲಿದೆ ಅಂತ ಕೇಳಿದರೆ ಮಾತ್ರ, "ಮೋಡದ ಹಿಂದೆ ಇರ್ತಾವೆ ಕಣಮ್ಮ" ಅಂದು ಎಲೆಯಡಿಕೆ ಹಾಕಿಕೊಳ್ಳುತ್ತಾರೆ.

ಮೋಡ ಇಲ್ಲದಿದ್ದರೂ ಆಗ ಅವು ಕಾಣುವುದಿಲ್ಲ. ಸೂರ್ಯ ಯಾವ ನಕ್ಷತ್ರದ ಹತ್ತಿರ ಇರುತ್ತಾನೋ ಆ ಮಳೆಗೆ ಅದರದೇ ಹೆಸರು. ಒಂದೊಂದಕ್ಕೆ 13-14 ದಿನ. ಜೂನ್ 22ರ ಸುಮಾರಿಗೆ ಆರಿದ್ರ ಮಳೆ ಶುರುವಾಯಿತು ಅಂದರೆ ಸೂರ್ಯ ಆರಿದ್ರದ ಪಕ್ಕ ನಿಂತಿದ್ದಾನೆ ಅಂತ ಅರ್ಥ. ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುವ ಚುಕ್ಕಿಯನ್ನು ಯಾರು ನೋಡಿಯಾರು? ಮಳೆ ನಕ್ಷತ್ರ ನೋಡಬೇಕಾದರೆ ಚಳಿಗಾಲದ ತನಕ ಕಾಯಬೇಕು. ಇದು ನನಗೆ ಹೊಳೆದಿದ್ದೇ ಕ್ಯಾಮೆರಾ ಕೊಂಡ ಮೇಲೆ.

2026ರಲ್ಲಿ ಸಂಕ್ರಾಂತಿ ಆಗಿ ಮೂರೇ ದಿನಕ್ಕೆ ಅಮಾವಾಸ್ಯೆ. ಚಂದ್ರನ ಕಾಟ ಇಲ್ಲ. ಹಿರಿಯೂರು ಕಡೆ ನಮ್ಮ ಊರಿಗೆ ಹೊರಟಾಗ ಎಳ್ಳು-ಬೆಲ್ಲದ ಡಬ್ಬಿ ಜೊತೆ ಟ್ರೈಪಾಡನ್ನೂ ಬಸ್ಸಿಗೆ ಹಾಕಿಕೊಂಡೆ. ಕಂಡಕ್ಟರ್ "ಏನ್ ಮೇಡಂ, ಸರ್ವೆ ಮಾಡೋರಾ?" ಅಂದರು.

ಮೊದಲ ರಾತ್ರಿ ಪೂರ್ತಿ ದಂಡ. ಲೆನ್ಸಿನ ಫೋಕಸ್ ರಿಂಗನ್ನು ಕೊನೆಯವರೆಗೆ ತಿರುಗಿಸಿದರೆ ಸಾಕು ಅಂದುಕೊಂಡಿದ್ದೆ. ಬಂದಿದ್ದು ನಲವತ್ತು ಫೋಟೋ, ಎಲ್ಲದರಲ್ಲೂ ಬೆಂದ ಸಬ್ಬಕ್ಕಿ ಚೆಲ್ಲಿದ ಹಾಗೆ ನಕ್ಷತ್ರ. ಮರುದಿನ ಬುದ್ಧಿ ಬಂತು. ಮಿಥುನದಲ್ಲಿ ಗುರು ಗ್ರಹ ಜೋರಾಗಿ ಹೊಳೆಯುತ್ತಿತ್ತು. ಕ್ಯಾಮೆರಾದ ಪರದೆಯಲ್ಲಿ ಅದನ್ನೇ ದೊಡ್ಡದು ಮಾಡಿಕೊಂಡು, ಸೂಜಿಮೊನೆಯಷ್ಟು ಸಣ್ಣದಾಗುವ ತನಕ ರಿಂಗನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿದೆ. ಮೊದಲಿಂದಲೂ ಇರುವ 18-55 ಲೆನ್ಸು, ಆಕಾಶ ಅಗಲವಾಗಿ ಸಿಗುವ 18ರಲ್ಲಿ. ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಚುರುಕು) 3200. ಒಂದೊಂದು ಫೋಟೋಗೆ 15 ಸೆಕೆಂಡು ಬೆಳಕು. ಅದಕ್ಕಿಂತ ಜಾಸ್ತಿ ಬಿಟ್ಟರೆ ಭೂಮಿ ತಿರುಗುವುದು ಫೋಟೋದಲ್ಲಿ ಗೊತ್ತಾಗಿಬಿಡುತ್ತದೆ, ಚುಕ್ಕಿ ಎಲ್ಲ ಗೆರೆ.

ಹತ್ತೂವರೆ ಹೊತ್ತಿಗೆ ಆರಿದ್ರ ನೆತ್ತಿಗೆ ಬಂದಿತ್ತು. ಪಕ್ಕದ ತೋಟದವರು ದನದ ಕೊಟ್ಟಿಗೆಗೆ ಬಿಳಿ ಲೈಟು ಹಾಕಿದ್ದಾರೆ, ಅದಕ್ಕೆ ಬೆನ್ನು ಹಾಕಿ ಹೊಲದ ಬದುವಿನ ಮೇಲೆ ಕೂತೆ. ದೂರದಲ್ಲಿ ಗಾಳಿ ಯಂತ್ರಗಳ ಕೆಂಪು ದೀಪ ಮಿಣಕ್ ಮಿಣಕ್. ಲೆನ್ಸಿಗೆ ಇಬ್ಬನಿ ಕೂರುತ್ತಿತ್ತು. ಇವಳಿಗೇನು ತಲೆ ಕೆಟ್ಟಿದೆಯಾ ಅಂತ ನೋಡಲು ಬಂದ ದೊಡ್ಡಪ್ಪ ಹೆಗಲ ಟವೆಲ್ ಕೊಟ್ಟರು, ಲೆನ್ಸಿನ ಸುತ್ತ ಸುತ್ತಿದೆ.

ಪರದೆಯಲ್ಲಿ ಫೋಟೋ ಬಂತು. ನಾನು ಬೆರಳಿಟ್ಟು ತೋರಿಸಿದೆ. ಈ ಸಣ್ಣ ಗೊಂಚಲು ಕೃತ್ತಿಕೆ. ಕಿತ್ತಳೆ ಬಣ್ಣದ್ದು ರೋಹಿಣಿ. 65 ವರ್ಷದ ಹಿಂದೆ ಹೊರಟ ಬೆಳಕು. "ಹಂಗಾದ್ರೆ ನಾನು ಚಡ್ಡಿ ಹಾಕ್ಕೊಂಡು ಸ್ಕೂಲಿಗೆ ಹೋಗೋವಾಗಿಂದು" ಅಂದರು. ಮೂರು ಮಂಕು ಚುಕ್ಕಿ ಒತ್ತೊತ್ತಾಗಿರುವುದು ಮೃಗಶಿರ. ಕೆಂಪಗೆ ದಪ್ಪಗಿರುವುದು ಆರಿದ್ರ. ಅಂಚಿನಲ್ಲಿ ಗುರುವಿನ ಪಕ್ಕ ಜೋಡಿಯಾಗಿರುವುದು ಪುನರ್ವಸು.

ಮೇ ತಿಂಗಳಿಂದ ಜುಲೈ ನಡುವಿನ ತನಕದ ಐದು ಮಳೆ, ಅವರ ಅಂಗೈ ಅಗಲದ ಪರದೆಯಲ್ಲಿ. ದೊಡ್ಡಪ್ಪ ಮಾತಾಡಲಿಲ್ಲ. ಒಮ್ಮೆ ಪರದೆ, ಒಮ್ಮೆ ಆಕಾಶ, ಕತ್ತು ನೋಯುವ ತನಕ ನೋಡಿದರು. ಆಮೇಲೆ, "ಇವು ದಿನಾ ಇಲ್ಲೇ ಇರ್ತಿದ್ವಾ?" ಅಂದರು. ರಾತ್ರಿ ನೀರು ಕಟ್ಟುವಾಗ ನೂರಾರು ಸಲ ಇದರ ಕೆಳಗೇ ಓಡಾಡಿದವರು ಅವರು.

ಆ ಫೋಟೋವನ್ನು ಅವರ ಮೊಬೈಲಿಗೆ ಹಾಕಿಕೊಟ್ಟೆ. ಬೆಳಿಗ್ಗೆ ಹಾಲು ಹಾಕಲು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಿದರೆ ಡೇರಿ ಮುಂದೆ ನಾಲ್ಕು ಜನರನ್ನು ಗುಡ್ಡೆ ಹಾಕಿಕೊಂಡು ನಿಂತಿದ್ದಾರೆ. ಕೆಂಪು ಚುಕ್ಕಿ ಮೇಲೆ ಹೆಬ್ಬೆರಳು.

"ಇವನೇ ನೋಡ್ರೋ ಆರಿದ್ರ. ಹೋದ ವರ್ಷ ಕೈ ಕೊಟ್ಟೋನು."